ಆಯುರ್ವೇದ ವಿದ್ಯಾಭ್ಯಾಸವೂ ನಮ್ಮ ಬಾಲಿಕೆಯರೂ

ಹತ್ತನೆಯ ತರಗತಿಯ ಪರೀಕ್ಷೆಯು ಮುಗಿದೊಡನೆ ನಮ್ಮ ಬಾಲಿಕೆಯರಿಗೂ ಅವರ ತಂದೆತಾಯಿಗಳಿಗೂ ಒಂದೇ ಚಿಂತೆ ಹತ್ತಿಕೊಳ್ಳುವುದು: ಮುಂದೇನು ಓದಬೇಕು? ವೈದ್ಯಳಾಗಬೇಕೆಂಬ ಆಸೆಯುಳ್ಳವರು ಪ್ರತಿವರ್ಷವೂ ಕೆಲವರಿದ್ದೇ ಇರುವರು. ಅವರೊಡನೆ ಆಯುರ್ವೇದದ ಮಾತನ್ನೆತ್ತಿದರೆ ಎರಡು ಬಗೆಯ ಉತ್ತರಗಳು ನಮ್ಮ ಕಿವಿಗೆ ಬೀಳುವುವು. “ಅದರಲ್ಲಿ ಕಲಿಯತಕ್ಕದ್ದೇನಿದೆ? ಶುಂಠಿಯ ಕಷಾಯವನ್ನು ನಮ್ಮ ಅಜ್ಜಿಯೇ ಕಾಸಿ ಕೊಡುತ್ತಾರೆ” ಎಂಬುದೊಂದು. “ಎಂ.ಬಿ.ಬಿ.ಎಸ್. ಸೀಟು ಸಿಕ್ಕದೆ ಹೋದರೆ ಅದನ್ನಾದರೂ ನೋಡೋಣ” ಎಂಬುದು ಮತ್ತೊಂದು. ಈ ಎರಡೂ ವಿಚಾರಮಾಡದೆ ಆಡಿದ ಮಾತುಗಳೆಂದು ನಮಗೆ ತೋರುತ್ತದೆ. ಮೊದಲನೆಯದು ಶಾಸ್ತ್ರದ ಗೌರವವನ್ನು ತಿಳಿಯದ ಮಾತು. ಎರಡನೆಯದು ರೋಗಿಯ ಪ್ರಾಣದ ಗೌರವವನ್ನು ಮರೆತ ಮಾತು. ಮನಸ್ಸಿಲ್ಲದೆ ಕಲಿತ ವಿದ್ಯೆಯಿಂದ ಬೇರೊಬ್ಬರ ದೇಹಕ್ಕೆ ಚಿಕಿತ್ಸೆಮಾಡುವುದು ಸಣ್ಣ ತಪ್ಪಲ್ಲ.

ಹಾಗಾದರೆ ಹೇಗೆ ವಿಚಾರಮಾಡಬೇಕು? ಇದಕ್ಕೆ ಆಯುರ್ವೇದದ ಮೂಲಗ್ರಂಥವೇ ದಾರಿಯನ್ನು ತೋರಿಸಿದೆ. ಚರಕಸಂಹಿತೆಯಲ್ಲಿ 8 ಸ್ಥಾನಗಳೂ 120 ಅಧ್ಯಾಯಗಳೂ ಇವೆ. ಆತ್ರೇಯನ ಉಪದೇಶವನ್ನು ಅಗ್ನಿವೇಶನು ಗ್ರಂಥವಾಗಿ ರಚಿಸಿದನೆಂದೂ, ಚರಕನು ಅದನ್ನು ತಿದ್ದಿದನೆಂದೂ, ಬಹುಕಾಲದ ಮೇಲೆ ದೃಢಬಲನು ಅದರ ಉಳಿದ ಭಾಗವನ್ನು ಪೂರ್ಣಗೊಳಿಸಿದನೆಂದೂ ಅದರಲ್ಲಿಯೇ ಹೇಳಿದೆ. ಆ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯವಿದ್ಯೆಯನ್ನು ಬಯಸುವವರು ಮೊದಲು ಕಾರ್ಯದ ಭಾರವನ್ನೂ, ತಮ್ಮ ಶಕ್ತಿಯನ್ನೂ, ಫಲವನ್ನೂ, ದೇಶಕಾಲಗಳನ್ನೂ ಆಲೋಚಿಸಿಕೊಂಡು, ಆಮೇಲೆ ಶಾಸ್ತ್ರವನ್ನು ಪರೀಕ್ಷಿಸಿ, ಅನಂತರ ಆಚಾರ್ಯನನ್ನು ಪರೀಕ್ಷಿಸಬೇಕೆಂಬ ವಿಧಿಯಿದೆ. ಶಿಷ್ಯನೇ ಶಾಸ್ತ್ರವನ್ನೂ ಗುರುವನ್ನೂ ಪರೀಕ್ಷಿಸತಕ್ಕದ್ದೆಂದು ಅಷ್ಟು ಹಿಂದೆಯೇ ಹೇಳಿರುವುದು ಆಶ್ಚರ್ಯಕರವಲ್ಲವೆ? ನಾವೂ ಅದೇ ಕ್ರಮವನ್ನು ಹಿಡಿದು ಈ ವಿಷಯವನ್ನು ವಿಚಾರಿಸುವೆವು.

1. ವಿದ್ಯೆಯ ಭಾರ

ಈಗ ನಮ್ಮ ದೇಶದಲ್ಲಿ ಆಯುರ್ವೇದದ ಮೊದಲ ಪದವಿಗೆ ಬಿ.ಎ.ಎಂ.ಎಸ್. ಎಂದು ಹೆಸರು. ಇದರ ವ್ಯಾಸಂಗವು 54 ತಿಂಗಳುಗಳದು. ಅದು 18 ತಿಂಗಳುಗಳ ಮೂರು ಘಟ್ಟಗಳಾಗಿ ವಿಭಾಗವಾಗಿದೆ. ಅದು ತೀರಿದ ಮೇಲೆ ಒಂದು ವರ್ಷಕಾಲ ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಕೆಲಸಮಾಡಿ ಅನುಭವವನ್ನು ಪಡೆಯತಕ್ಕದ್ದು. ಹೀಗೆ ಒಟ್ಟು ಐದೂವರೆ ವರ್ಷಗಳಾಗುವುವು. ಎಂ.ಬಿ.ಬಿ.ಎಸ್. ಪದವಿಗೂ ಇಷ್ಟೇ ಕಾಲ ಹಿಡಿಯುವುದು. ಆದುದರಿಂದ ಇದು ಸುಲಭದ ಹಾದಿಯೆಂದು ಯಾರೂ ಭ್ರಮಿಸಬಾರದು.

ಈ ವ್ಯಾಸಂಗಕ್ಕೆ ಸೇರಬೇಕಾದರೆ ಪಿ.ಯು.ಸಿ. ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು, ಎಂ.ಬಿ.ಬಿ.ಎಸ್. ಬಯಸುವವರು ಬರೆಯುವ ನೀಟ್ ಪರೀಕ್ಷೆಯಲ್ಲಿಯೇ ಅರ್ಹತೆಯನ್ನು ಪಡೆಯಬೇಕು. ಹತ್ತನೆಯ ತರಗತಿಯಾದ ಮೇಲೆ ಜೀವಶಾಸ್ತ್ರವನ್ನು ಬಿಟ್ಟ ಹುಡುಗಿಗೆ ಈ ಬಾಗಿಲು ತೆರೆಯುವುದಿಲ್ಲವೆಂಬುದನ್ನು ನಮ್ಮ ಬಾಲಿಕೆಯರು ಈಗಲೇ ನೆನಪಿನಲ್ಲಿಡಲಿ. ಪ್ರವೇಶದ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಸರಕಾರಿ ಪ್ರಕಟಣೆಯನ್ನು ತಾವೇ ಓದಿ ನೋಡತಕ್ಕದ್ದು.

ಮೊದಲನೆಯ ಘಟ್ಟದಲ್ಲಿ ಸಂಸ್ಕೃತ, ಆಯುರ್ವೇದದ ಇತಿಹಾಸ, ಪದಾರ್ಥವಿಜ್ಞಾನ, ದೇಹದ ರಚನೆ, ದೇಹದ ಕ್ರಿಯೆ, ಸಂಹಿತೆಗಳ ಅಧ್ಯಯನ ಇವು ಇರುವುವು. ಎರಡನೆಯದರಲ್ಲಿ ಮೂಲಿಕೆಗಳ ಗುಣವನ್ನು ತಿಳಿಸುವ ದ್ರವ್ಯಗುಣ, ಔಷಧಗಳ ತಯಾರಿಕೆ, ರೋಗನಿದಾನ, ವಿಷಚಿಕಿತ್ಸೆ, ಆರೋಗ್ಯವನ್ನು ಕಾಪಾಡುವ ಸ್ವಸ್ಥವೃತ್ತ ಇವುಗಳನ್ನು ಕಲಿಯುವರು. ಮೂರನೆಯದರಲ್ಲಿ ಕಾಯಚಿಕಿತ್ಸೆ, ಪಂಚಕರ್ಮ, ಶಸ್ತ್ರಚಿಕಿತ್ಸೆ, ಕಣ್ಣು ಕಿವಿ ಮೂಗು ಗಂಟಲುಗಳ ಚಿಕಿತ್ಸೆ, ಪ್ರಸೂತಿ ಮತ್ತು ಸ್ತ್ರೀರೋಗ, ಶಿಶುಚಿಕಿತ್ಸೆ ಇವುಗಳಲ್ಲದೆ ಸಂಶೋಧನೆಯ ವಿಧಾನವನ್ನೂ ಅಂಕಿಸಂಖ್ಯಾಶಾಸ್ತ್ರವನ್ನೂ ಓದಬೇಕಾಗುವುದು. ಸಂಸ್ಕೃತವನ್ನು ತಿಳಿಯದವರು ಹೆದರಬೇಕಾಗಿಲ್ಲ. ಅದನ್ನು ಅಲ್ಲಿಯೇ ಮೊದಲಿನಿಂದ ಕಲಿಸುವರು. ಆದರೆ ಕಲಿಯಲೊಲ್ಲದವರು ಮಾತ್ರ ಹೆದರಬೇಕು. ಗ್ರಂಥವನ್ನು ಅದರ ಭಾಷೆಯಲ್ಲಿಯೇ ಓದಲಾರದ ವೈದ್ಯಳು ಯಾರೋ ಮಾಡಿದ ಸಾರಾಂಶಕ್ಕೆ ಆಯುಷ್ಯವೆಲ್ಲಾ ದಾಸಿಯಾಗುವಳು.

2. ಶಾಸ್ತ್ರದ ಪರೀಕ್ಷೆ

ಇನ್ನು ಶಾಸ್ತ್ರವನ್ನು ಪರೀಕ್ಷಿಸೋಣ. ಇದು ಬೇರೆ ಮತದವರ ವಿದ್ಯೆಯಲ್ಲವೆ ಎಂದು ಕೆಲವು ತಂದೆತಾಯಿಗಳು ಶಂಕಿಸುವುದುಂಟು. ಇತಿಹಾಸವು ಹಾಗೆ ಹೇಳುವುದಿಲ್ಲ. ಕನ್ನಡದಲ್ಲಿ ವಿಷವೈದ್ಯವನ್ನು ಕುರಿತು 14ನೆಯ ಶತಮಾನದಲ್ಲಿ ಖಗೇಂದ್ರಮಣಿದರ್ಪಣವನ್ನು ಬರೆದ ಮಂಗರಾಜನು ಜೈನನು. ಮಲಬಾರಿನ ಗಿಡಮೂಲಿಕೆಗಳನ್ನು ಕುರಿತ ಹೋರ್ಟಸ್ ಮಲಬಾರಿಕಸ್ ಎಂಬ 12 ಸಂಪುಟಗಳ ಮಹಾಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದನ್ನು ಮಾಡಿಸಿದವನು ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್. ಅದಕ್ಕೆ ನೆರವಾದವರು ಇಟ್ಟಿ ಅಚ್ಯುತನೆಂಬ ಈಳವ ವೈದ್ಯನೂ, ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ಬ್ರಾಹ್ಮಣರೂ, ಮ್ಯಾಥ್ಯೂ ಎಂಬ ಕಾರ್ಮಲೈಟ್ ಪಾದ್ರಿಯೂ. ರೋಗವು ಜಾತಿಮತಗಳನ್ನು ನೋಡಿ ಬರುವುದಿಲ್ಲ. ಔಷಧದ ಅರಿವೂ ಹಾಗೆಯೇ ಎಲ್ಲರ ಕೈಗಳನ್ನು ಹಾದುಬಂದಿದೆ.

ಹಾಗಾದರೆ ಆ ಅರಿವಿನ ಬಲವೆಲ್ಲಿದೆ? ಸುಶ್ರುತಸಂಹಿತೆಯಿಂದ ಒಂದೆರಡು ಉದಾಹರಣೆಗಳನ್ನು ಕೊಡುವೆವು. ಶಸ್ತ್ರಚಿಕಿತ್ಸೆಯನ್ನು ಕಲಿಯುವ ಶಿಷ್ಯನು ನೇರವಾಗಿ ಮನುಷ್ಯನ ಮೈಮೇಲೆ ಕತ್ತಿಯನ್ನಿಡಕೂಡದೆಂದು ಆ ಗ್ರಂಥವು ಹೇಳುವುದು. ಅವನು ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆಕಾಯಿಗಳ ಮೇಲೂ, ಸಿರೆಯನ್ನು ಚುಚ್ಚುವುದನ್ನು ಸತ್ತ ಪ್ರಾಣಿಗಳ ಸಿರೆಗಳ ಮೇಲೂ ತಾವರೆಯ ದಂಟಿನ ಮೇಲೂ, ಹೊಲಿಯುವುದನ್ನು ಬಟ್ಟೆ ಮತ್ತು ಮೆದುಚರ್ಮದ ಮೇಲೂ, ಪಟ್ಟಿ ಕಟ್ಟುವುದನ್ನು ಬಟ್ಟೆಯ ಬೊಂಬೆಯ ಮೇಲೂ ಅಭ್ಯಾಸಮಾಡಬೇಕು. ದೇಹದ ರಚನೆಯನ್ನು ತಿಳಿಯುವುದಕ್ಕೆ ಹೆಣವೊಂದನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಚೆನ್ನಾಗಿ ಕೊಳೆತ ಮೇಲೆ ಲಾವಂಚದ ಬೇರು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತಾ ಚರ್ಮದಿಂದ ಮೊದಲುಗೊಂಡು ಒಳಗಿನ ಅಂಗಗಳವರೆಗೂ ಕಣ್ಣಾರೆ ನೋಡಬೇಕು. ಕಣ್ಣಿನಿಂದ ಕಂಡದ್ದೂ ಶಾಸ್ತ್ರದಿಂದ ಅರಿತದ್ದೂ ಎರಡೂ ಕೂಡಿದರೆ ಮಾತ್ರ ಜ್ಞಾನವು ಬೆಳೆಯುವುದೆಂದು ಸುಶ್ರುತದ ಅಭಿಪ್ರಾಯ.

ಈ ಎರಡೂ ಅಗಲಿದಾಗ ಏನಾಯಿತೆಂಬುದನ್ನು ಮುಂದಿನ ಇತಿಹಾಸವು ತೋರಿಸುತ್ತದೆ. ಟಿಪ್ಪೂಸುಲ್ತಾನನಿಗೂ ಇಂಗ್ಲಿಷರಿಗೂ 1792ರವರೆಗೆ ನಡೆದ ಮೈಸೂರಿನ ಯುದ್ಧದಲ್ಲಿ ಇಂಗ್ಲಿಷರ ಪಡೆಯ ಎತ್ತಿನ ಗಾಡಿಯವನಾಗಿದ್ದ ಕಾವಸ್‌ಜಿ ಎಂಬವನು ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡನು. ಅವನ ಹಣೆಯ ಚರ್ಮವನ್ನು ತಿರುಗಿಸಿ ಇಳಿಸಿ ಹೊಸ ಮೂಗನ್ನು ಕಟ್ಟಿಕೊಟ್ಟವನು ಪುಣೆಯ ಕಡೆಯ ಇಟ್ಟಿಗೆ ಮಾಡುವವರ ಜಾತಿಯವನೊಬ್ಬನು. ಈ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಅಲ್ಲಿಯೇ ಅಂಥ ಶಸ್ತ್ರಕ್ರಿಯೆಯನ್ನು ಮಾಡಿದನು. ಸುಶ್ರುತಸಂಹಿತೆಯಲ್ಲಿ ಮೂಗು ಕಟ್ಟುವ ವಿಧಿಯು ಇದ್ದೇ ಇದೆ. ಆದರೆ ಪಂಡಿತರಲ್ಲಿ ಗ್ರಂಥವು ಮಾತ್ರ ಉಳಿಯಿತು. ಕೈಕೆಲಸವು ಓದುಬರಹವಿಲ್ಲದ ಕುಶಲಿಗಳಲ್ಲಿ ಉಳಿಯಿತು. ಒಂದೇ ವಿದ್ಯೆಯ ಕಣ್ಣು ಒಂದು ಮನೆಯಲ್ಲಿ, ಕೈ ಇನ್ನೊಂದು ಮನೆಯಲ್ಲಿ!

ಅಗಲಿದವುಗಳನ್ನು ಮತ್ತೆ ಕೂಡಿಸಲು ಧೈರ್ಯಮಾಡಿದವರಲ್ಲಿ ಕಲ್ಕತ್ತೆಯ ಮಧುಸೂದನ ಗುಪ್ತರು ಸ್ಮರಣೀಯರು. ಅವರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸುತ್ತಿದ್ದ ಪಂಡಿತರು. 1835ರಲ್ಲಿ ಆ ತರಗತಿಯು ನಿಂತುಹೋದ ಬಳಿಕ ಹೊಸದಾಗಿ ಸ್ಥಾಪಿತವಾದ ಮೆಡಿಕಲ್ ಕಾಲೇಜಿಗೆ ಸೇರಿದರು. 1836ರಲ್ಲಿ ಜನಾಪವಾದವನ್ನು ಲೆಕ್ಕಿಸದೆ ಮನುಷ್ಯಶರೀರವನ್ನು ಛೇದಿಸಿ ಪರೀಕ್ಷಿಸಿದರು. ಸುಶ್ರುತಸಂಹಿತೆಯನ್ನು ಓದಿದ್ದ ಅವರಿಗೆ ಅದರಲ್ಲಿ ಶಾಸ್ತ್ರವಿರೋಧವು ಕಾಣಲಿಲ್ಲವೆಂಬುದು ಸಹಜವೇ.

ಇಂದಿನ ವಿಶ್ವವಿದ್ಯಾಲಯದ ತರಗತಿಯಲ್ಲಿ ಈ ಕೂಡುವಿಕೆಯು ಹೇಗೆ ನಡೆಯಬೇಕೆಂಬುದಕ್ಕೆ ಒಂದು ಸಣ್ಣ ಪಾಠವನ್ನು ನೋಡೋಣ. ಮನುಷ್ಯನ ಮೂಳೆಗಳು ಎಷ್ಟು? ಚರಕಸಂಹಿತೆಯು 360 ಎನ್ನುತ್ತದೆ. ಸುಶ್ರುತಸಂಹಿತೆಯು 300 ಎನ್ನುತ್ತದೆ. ನಮ್ಮ ಶಾಲೆಯ ವಿಜ್ಞಾನಪುಸ್ತಕವು 206 ಎನ್ನುತ್ತದೆ. ದಡ್ಡ ವಿದ್ಯಾರ್ಥಿನಿಯು ಮೂರನ್ನೂ ಕಂಠಪಾಠಮಾಡಿ ಪರೀಕ್ಷೆಗೆ ತಕ್ಕಂತೆ ಒಪ್ಪಿಸುವಳು. ಗರ್ವಿಷ್ಠೆಯು ಹಳೆಯದೆಲ್ಲಾ ಸುಳ್ಳೆನ್ನುವಳು. ಮೂಢಭಕ್ತೆಯು ಹೊಸದೆಲ್ಲಾ ಸುಳ್ಳೆನ್ನುವಳು. ವಿವೇಕಿಯು ಎಣಿಕೆಯ ರೀತಿಯನ್ನು ವಿಚಾರಿಸುವಳು. ಚರಕದ ಎಣಿಕೆಯಲ್ಲಿ 32 ಹಲ್ಲುಗಳೂ, ಅವುಗಳ 32 ಗೂಡುಗಳೂ, 20 ಉಗುರುಗಳೂ ಸೇರಿವೆಯೆಂದು ತಿಳಿದಾಗ ಅರ್ಧ ತೊಡಕು ಬಿಚ್ಚುವುದು. ಆಮೇಲೆ ಮೂಳೆಯನ್ನು ಕೈಯಲ್ಲಿ ಹಿಡಿದು ಎಣಿಸಿ, ಯಾವುದು ನಿಜವಾಗಿ ಮೂಳೆಯೆಂದು ನಿರ್ಣಯಿಸುವಳು. ಚರಕ ಸುಶ್ರುತಗಳಲ್ಲಿಯೇ ಭೇದವಿರುವಾಗ ನಿರ್ಣಯವನ್ನು ಕಣ್ಣಿಗೆ ಬಿಡುವುದು ಶಾಸ್ತ್ರದ್ರೋಹವಲ್ಲ.

ಔಷಧಗಳ ವಿಷಯದಲ್ಲಿಯೂ ಹೀಗೆಯೇ. ಸರ್ಪಗಂಧದ ಬೇರನ್ನು ನಮ್ಮ ದೇಶದ ವೈದ್ಯರು ಹಿಂದಿನಿಂದಲೂ ಬಳಸುತ್ತಿದ್ದರು. ಅದು ರಕ್ತದ ಒತ್ತಡವನ್ನು ಇಳಿಸುವುದೆಂದು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸರು ಬರೆದರು. 1949ರಲ್ಲಿ ಬೊಂಬಾಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳಲ್ಲಿ ಕಂಡ ಫಲಗಳನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರೊಳಗಿನ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದೇ ಔಷಧವು ಕೆಲವರಲ್ಲಿ ಮನಸ್ಸಿನ ಖಿನ್ನತೆಯನ್ನುಂಟುಮಾಡುವುದೆಂದೂ ಆಮೇಲೆ ಕಂಡುಬಂದಿತು. ಭಗಂದರವೆಂಬ ಗುದರೋಗಕ್ಕೆ ಹಿಂದಿನವರು ಹೇಳಿದ್ದ ಕ್ಷಾರಸೂತ್ರವನ್ನು, ಎಂದರೆ ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಸಿನಗಳನ್ನು 21 ಸಲ ಲೇಪಿಸಿದ ದಾರವನ್ನು, ಕಾಶೀ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಮತ್ತೆ ಬಳಕೆಗೆ ತಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಅದನ್ನು ಶಸ್ತ್ರಕ್ರಿಯೆಯೊಡನೆ ಹೋಲಿಸಿ ಪರೀಕ್ಷಿಸಿ 1991ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ದಾರದ ಚಿಕಿತ್ಸೆಯಿಂದ ಗಾಯವು ಮಾಯುವುದಕ್ಕೆ ಹೆಚ್ಚು ದಿನಗಳು ಹಿಡಿದರೂ ರೋಗವು ಮರುಕಳಿಸಿದ್ದು ನೂರಕ್ಕೆ 4 ಜನರಲ್ಲಿ ಮಾತ್ರ. ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ 11 ಜನರಲ್ಲಿ. ಹೊಗಳಿಕೆಗಿಂತ ಇಂಥ ಲೆಕ್ಕವೇ ಶಾಸ್ತ್ರಕ್ಕೆ ನಿಜವಾದ ಭೂಷಣ.

ಪರೀಕ್ಷೆಯಿಂದ ದೋಷಗಳೂ ಹೊರಬೀಳುವುವು, ಅವನ್ನು ಮುಚ್ಚಬಾರದು. 2008ರಲ್ಲಿ ಅಮೇರಿಕದ ಸಂಶೋಧಕರು ಇಂಟರ್‌ನೆಟ್ಟಿನ ಮೂಲಕ ಮಾರಾಟವಾಗುತ್ತಿದ್ದ 193 ಆಯುರ್ವೇದ ಔಷಧಗಳನ್ನು ಪರೀಕ್ಷಿಸಲು, ಸುಮಾರು ಐದರಲ್ಲೊಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಪಾಷಾಣವು ಸಿಕ್ಕಿತು. ಆದಕಾರಣ ಔಷಧವನ್ನು ಕೊಡುವವಳು ಅದರ ತಯಾರಿಕೆಯನ್ನೂ ಶುದ್ಧಿಯನ್ನೂ ತಿಳಿದಿರತಕ್ಕದ್ದು. ಹಾವಿನ ಕಡಿತವು ಮತ್ತೊಂದು ಉದಾಹರಣೆ. ಮಂಗರಾಜನು ವಿಷವೈದ್ಯವನ್ನು ಬರೆದ ಕಾಲದಲ್ಲಿ ಮೂಲಿಕೆ ಮಂತ್ರಗಳ ಹೊರತು ಬೇರೆ ಗತಿಯಿರಲಿಲ್ಲ. ಈಗ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಪ್ರತಿವಿಷದ ಸೂಜಿಮದ್ದು ಆಸ್ಪತ್ರೆಗಳಲ್ಲಿದೆ. ಆದರೂ 2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿದು ಸತ್ತಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜುಮಾಡಿದೆ. ನಮ್ಮ ಶಾಲೆಯಿಂದ ಹೋಗಿ ಆಯುರ್ವೇದವನ್ನು ಕಲಿತವಳ ಬಾಗಿಲಿಗೆ ಹಾವು ಕಡಿದ ಕೂಲಿಯವನನ್ನು ಹೊತ್ತು ತಂದರೆ ಅವಳೇನು ಮಾಡಬೇಕು? ಬೇರನ್ನು ಅರೆಯುತ್ತಾ ಕೂಡದೆ, ಕಡಿದ ಅಂಗವನ್ನು ಅಲುಗಾಡಿಸಗೊಡದೆ, ಆ ಕ್ಷಣವೇ ಪ್ರತಿವಿಷವಿರುವ ಆಸ್ಪತ್ರೆಗೆ ಕಳುಹಿಸಬೇಕು. ತನ್ನ ವಿದ್ಯೆಯ ಎಲ್ಲೆಯನ್ನು ತಿಳಿದು ನಡೆಯುವುದೂ ಆ ವಿದ್ಯೆಯ ಒಂದು ಭಾಗವೇ.

3. ಆಚಾರ್ಯನ ಪರೀಕ್ಷೆ

ಹಿಂದೆ ಶಿಷ್ಯನು ಒಬ್ಬ ಗುರುವನ್ನು ಅರಸಿ ಹೋಗುತ್ತಿದ್ದನು. ಈಗ ಕಾಲೇಜನ್ನು ಅರಸಬೇಕು. ನಮ್ಮ ನಾಡಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ 1908ರಲ್ಲಿಯೇ ಮೈಸೂರಿನಲ್ಲಿ ಆಯುರ್ವೇದದ ಕಾಲೇಜು ಆರಂಭವಾಯಿತು. ಉಡುಪಿಯಲ್ಲಿ 1958ರಲ್ಲಿ ಒಂದು ಸ್ಥಾಪಿತವಾಯಿತು. ಗುಜರಾತಿನ ಜಾಮನಗರದಲ್ಲಿ 1967ರಲ್ಲಿ ಆಯುರ್ವೇದಕ್ಕೆಂದೇ ಒಂದು ವಿಶ್ವವಿದ್ಯಾಲಯವು ಕೆಲಸಕ್ಕೆ ತೊಡಗಿತು. ದೇಶಕ್ಕೆಲ್ಲಾ ಒಂದೇ ಪಾಠಕ್ರಮವಿರಬೇಕೆಂದು 1970ರಲ್ಲಿ ಕಾಯಿದೆಯಾಯಿತು. ಅದರ ಸ್ಥಾನದಲ್ಲಿ 2020ರ ಕಾಯಿದೆಯು ಬಂದು, ಈಗ ಭಾರತೀಯ ವೈದ್ಯಪದ್ಧತಿಯ ರಾಷ್ಟ್ರೀಯ ಆಯೋಗವು ಕಾಲೇಜುಗಳಿಗೆ ಅನುಮತಿ ಕೊಡುವುದು. ಕರ್ನಾಟಕದ ಬಹುಮಟ್ಟಿನ ಆಯುರ್ವೇದ ಕಾಲೇಜುಗಳು 1996ರಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ.

ಕಟ್ಟಡದ ಚೆಲುವನ್ನೂ ಜಾಹೀರಾತನ್ನೂ ನೋಡಿ ಮೋಸಹೋಗಬಾರದು. ಆಯೋಗದ ಅನುಮತಿಯು ಆ ವರ್ಷಕ್ಕೆ ಇದೆಯೇ, ಆಸ್ಪತ್ರೆಯ ಹಾಸಿಗೆಗಳ ಮೇಲೆ ನಿಜವಾಗಿ ರೋಗಿಗಳಿರುವರೇ, ಅಂಗಚ್ಛೇದನದ ಶಾಲೆಯಲ್ಲಿ ಶರೀರಗಳಿವೆಯೇ, ಮೂಲಿಕೆಗಳ ತೋಟವು ಹಸುರಾಗಿದೆಯೇ ಅಥವಾ ಹೆಸರಿನ ಹಲಗೆಗಳು ಮಾತ್ರ ನಿಂತಿವೆಯೇ, ಅಧ್ಯಾಪಕರು ಪ್ರಶ್ನೆಯನ್ನು ಸಹಿಸುವರೇ — ಇವನ್ನು ಹೋಗಿ ನೋಡಿ, ಅಲ್ಲಿ ಓದುತ್ತಿರುವ ಹುಡುಗಿಯರನ್ನು ಕೇಳಿ ತಿಳಿಯಬೇಕು. ಅಧ್ಯಯನ, ಅಧ್ಯಾಪನ, ಬಲ್ಲವರೊಡನೆ ಸಂಭಾಷಣೆ ಎಂಬ ಮೂರನ್ನು ಚರಕಸಂಹಿತೆಯು ಜ್ಞಾನದ ಸಾಧನಗಳೆಂದು ಎಣಿಸಿದೆ. ಪ್ರಶ್ನೆ ಕೇಳಿದವಳನ್ನು ಗದರಿಸುವಲ್ಲಿ ಮೂರನೆಯ ಸಾಧನವು ಇಲ್ಲವೆಂದೇ ತಿಳಿಯತಕ್ಕದ್ದು.

ಪದವಿಯನ್ನು ಪಡೆದ ಮೇಲೆ ಇನ್ನೂ 3 ವರ್ಷ ಓದಿ ಎಂ.ಡಿ. ಅಥವಾ ಎಂ.ಎಸ್. ಪದವಿಯನ್ನು ಗಳಿಸಬಹುದು. ಚಿಕಿತ್ಸೆ, ಅಧ್ಯಾಪನ, ಸಂಶೋಧನೆ, ಔಷಧಗಳ ತಯಾರಿಕೆ, ಸರಕಾರದ ಆಯುಷ್ ಆಸ್ಪತ್ರೆಗಳು ಇವೆಲ್ಲಾ ಜೀವನೋಪಾಯದ ದಾರಿಗಳು. ವಿವಾದಗಳೂ ಇಲ್ಲದಿಲ್ಲ. 2020ರಲ್ಲಿ ಆಯುರ್ವೇದದ ಶಲ್ಯ ಶಾಲಾಕ್ಯ ಶಾಖೆಗಳ ಉನ್ನತ ವಿದ್ಯಾರ್ಥಿಗಳು 58 ಬಗೆಯ ಶಸ್ತ್ರಕ್ರಿಯೆಗಳಲ್ಲಿ ಶಿಕ್ಷಣ ಪಡೆಯಬಹುದೆಂದು ಪ್ರಕಟಣೆಯಾದಾಗ ಭಾರತೀಯ ವೈದ್ಯಕೀಯ ಸಂಘವು ಅದನ್ನು ಬಲವಾಗಿ ವಿರೋಧಿಸಿತು. ಇಂಥ ವಾದದಲ್ಲಿ ನಮ್ಮ ಬಾಲಿಕೆಯರು ಪಕ್ಷ ಹಿಡಿಯುವುದಕ್ಕಿಂತ ಒಂದೇ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಲಿ: ನಾನು ಮಾಡತಕ್ಕ ಕ್ರಿಯೆಯನ್ನು ಸಾಕಷ್ಟು ಸಲ, ಬಲ್ಲವರ ಕಣ್ಣೆದುರಿನಲ್ಲಿ, ಮಾಡಿ ಕಲಿತಿದ್ದೇನೆಯೇ?

4. ವಿದ್ಯಾರ್ಥಿನಿಯ ಪ್ರತಿಜ್ಞೆ

ಆಚಾರ್ಯನು ಶಿಷ್ಯನನ್ನು ಸ್ವೀಕರಿಸುವಾಗ ಮಾಡಿಸತಕ್ಕ ಪ್ರತಿಜ್ಞೆಯೂ ಚರಕದ ಅದೇ ಅಧ್ಯಾಯದಲ್ಲಿದೆ. ರೋಗಿಗೆ ಮನಸ್ಸಿನಿಂದಲೂ ದ್ರೋಹವೆಣಿಸಬಾರದು, ರೋಗಿಯ ಮನೆಯ ಗುಟ್ಟನ್ನು ಹೊರಗೆ ಆಡಬಾರದು ಎಂಬಂಥ ಮಾತುಗಳು ಇಂದಿಗೂ ಸಲ್ಲತಕ್ಕವು. ಆದರೆ ಅಲ್ಲಿಯೇ ಗಂಡನಾಗಲಿ ಪೋಷಕನಾಗಲಿ ಹತ್ತಿರದಲ್ಲಿಲ್ಲದ ಸ್ತ್ರೀಗೆ ಚಿಕಿತ್ಸೆಮಾಡಬಾರದೆಂಬ ನಿಯಮವೂ ಇದೆ. ವೈದ್ಯನು ಗಂಡಸೇ ಆಗಿರುವನೆಂದು ಎಣಿಸಿ, ಹೆಂಗಸಿನ ಮಾನವನ್ನು ಕಾಯುವುದಕ್ಕಾಗಿ ಅದನ್ನು ವಿಧಿಸಿರಬಹುದು. ಫಲವೇನಾಗುವುದು? ಜೊತೆಗೆ ಬರುವವರಿಲ್ಲದ ವಿಧವೆಯೂ, ಗಂಡನು ಬಿಟ್ಟವಳೂ, ತನ್ನ ನೋವನ್ನು ಗಂಡಸಿಗೆ ಹೇಳಲು ನಾಚುವ ಎಳೆಯ ಹುಡುಗಿಯೂ ವೈದ್ಯನ ಬಾಗಿಲಿನ ಹೊರಗೆ ಉಳಿಯುವರು.

ಆ ಬಾಗಿಲನ್ನು ಒಳಗಿನಿಂದ ತೆರೆಯತಕ್ಕವರು ಈಗ ಆಯುರ್ವೇದದ ತರಗತಿಗಳಲ್ಲಿ ಕುಳಿತು ಅದೇ ಪ್ರತಿಜ್ಞೆಯನ್ನು ಓದುತ್ತಿರುವ ಹುಡುಗಿಯರೇ. ಗ್ರಂಥವು ಅವರಿಗಾಗಿ ಬರೆದುದಲ್ಲ. ಆದರೂ ಅವರ ಕೈಸೇರಿದೆ. ಅದರ ಒಳ್ಳೆಯದನ್ನು ಉಳಿಸಿ, ಅಸಮರ್ಪಕವಾದುದನ್ನು ತಿದ್ದುವ ಅಧಿಕಾರವು ಅದನ್ನು ಚೆನ್ನಾಗಿ ಓದಿದವರಿಗೆ ಮಾತ್ರ ಬರುವುದು.

ಆದುದರಿಂದ, ಪ್ರಿಯ ಬಾಲಿಕೆಯರೇ, ಆಯುರ್ವೇದವನ್ನು ಓದಿರೆಂದು ನಾವು ಒತ್ತಾಯಿಸುವುದಿಲ್ಲ, ಓದಬೇಡಿರೆಂದೂ ಹೇಳುವುದಿಲ್ಲ. ಸೀಟು ಸಿಕ್ಕದ ಬೇಸರದಿಂದ ಹೋಗಬೇಡಿರಿ. ಸುಲಭವೆಂಬ ಆಸೆಯಿಂದಲೂ ಹೋಗಬೇಡಿರಿ. ಭಾರವನ್ನು ತೂಗಿ, ಶಾಸ್ತ್ರವನ್ನು ಪರೀಕ್ಷಿಸಿ, ಗುರುವನ್ನು ನೋಡಿ, ಮನಸ್ಸು ಒಪ್ಪಿದರೆ ಹೋಗಿರಿ. ಹೋದ ಮೇಲೆ ಗ್ರಂಥದಿಂದ ಕಣ್ಣನ್ನೂ ರೋಗಿಯ ಮೈಯಿಂದ ಕೈಯನ್ನೂ ತೆಗೆಯಬೇಡಿರಿ. ಅವೆರಡು ಅಗಲಿದಾಗ ಈ ವಿದ್ಯೆಗೆ ಬಂದ ಕೇಡನ್ನು ನೀವು ಈಗ ಬಲ್ಲಿರಿ. ಎಂದಾದರೂ ಒಂದು ದಿನ ಜೊತೆಗಾರರಿಲ್ಲದೆ ಒಬ್ಬಳೇ ನಡೆದು ಬಂದ ಹೆಂಗಸೊಬ್ಬಳು ನಿಮ್ಮ ಎದುರಿಗೆ ಕುಳಿತು ನಿರ್ಭಯದಿಂದ ತನ್ನ ನೋವನ್ನು ಹೇಳಿಕೊಂಡರೆ, ನಿಮಗೆ ಅಕ್ಷರವನ್ನು ಕಲಿಸಿದ ಈ ಶಾಲೆಯ ಶ್ರಮವು ಸಾರ್ಥಕವಾಯಿತೆಂದು ನಾವು ಸಂತೋಷಪಡುವೆವು.